ಪಿನ್ನಿಗೆ ಕೈ ಹಾಕುವ ಮುನ್ನ: ಕಬ್ಬಿನ ಟ್ರ್ಯಾಕ್ಟರ್ ಚಾಲಕರಿಗೊಂದು ಬಹಿರಂಗ ಪತ್ರ

ಖಾನಾಪುರ, ಬೆಳಗಾವಿ, ಕಿತ್ತೂರು ಭಾಗದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಎಲ್ಲ ಅಣ್ಣ-ತಮ್ಮಂದಿರಿಗೆ, ಅವರ ಜೊತೆ ಪಿನ್ನು ಹಿಡಿದು ಓಡಾಡುವ ಕ್ಲೀನರ್ ಹುಡುಗರಿಗೆ,

ಕಾರ್ಖಾನೆಗಳಲ್ಲಿ ಬಾಯ್ಲರ್ ಪೂಜೆ ನಡೆಯುವ ಹೊತ್ತು ಬಂತು. ಬೀಡಿ, ಇಟಗಿ, ಪಾರಿಶ್ವಾಡ, ಕಕ್ಕೇರಿ ಕಡೆಯ ಕಬ್ಬು ಇನ್ನು ರಸ್ತೆಗೆ ಇಳಿಯುತ್ತದೆ. ಕೆಲವರ ಖೇಪು ಖಾನಾಪುರದ ಲೈಲಾ ಶುಗರ್ಸ್‌ಗೆ, ಕೆಲವರದು ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗೆ, ಇನ್ನು ಕೆಲವರದು ಕಾಕತಿಯ ಮಾರ್ಕಂಡೇಯಕ್ಕೆ. ನಾಲ್ಕೈದು ತಿಂಗಳು ನಿಮಗೆ ಹಗಲು ರಾತ್ರಿ ಒಂದೇ. ನಾನು ಬೆಳಗಾವಿ–ಖಾನಾಪುರ ರಸ್ತೆಯಲ್ಲಿ ಟ್ರೇಲರ್ ರಿಪೇರಿ, ವೆಲ್ಡಿಂಗ್ ಮಾಡುವವ. ನಿಮ್ಮ ಗಾಡಿಗಳ ಮೂಕಿ, ರಿಂಗು, ಹುಕ್ಕು, ಪಿನ್ನು ಎಲ್ಲ ಹಂಗಾಮಿನ ಮುಂಚೆ ಮತ್ತು ನಡುವೆ ನನ್ನ ಕೈಗೆ ಬರುತ್ತವೆ. ಅವುಗಳ ಜೊತೆ ಬರುವ ಹುಡುಗರ ಕೈಗಳನ್ನೂ ನೋಡುತ್ತೇನೆ. ಒಂದು ಬೆರಳು ಗಿಡ್ಡ, ಒಂದು ಉಗುರು ಇಲ್ಲ, ಒಂದು ಮಣಿಕಟ್ಟು ಪೂರಾ ತಿರುಗುವುದಿಲ್ಲ. ಕೇಳಿದರೆ ಉತ್ತರ ಒಂದೇ: “ಪಿನ್ನ ಹಾಕುವಾಗ ಆತ್ರಿ.”

ನಿಮ್ಮ ವೇಗದ ಬಗ್ಗೆ, ಜೋರಾಗಿ ಹಚ್ಚುವ ಹಾಡಿನ ಬಗ್ಗೆ, ಹೆಚ್ಚಿಗೆ ಹೇರುವ ಲೋಡಿನ ಬಗ್ಗೆ ಊರೆಲ್ಲ ಮಾತಾಡುತ್ತದೆ. ರಸ್ತೆಯ ಮೇಲೆ ಆಗುವ ಅಪಘಾತ ಪೇಪರಿನಲ್ಲಿ ಬರುತ್ತದೆ, ಕೇಸಾಗುತ್ತದೆ, ಪರಿಹಾರದ ಮಾತೂ ನಡೆಯುತ್ತದೆ. ಹೊಲದ ಬದುವಿನಲ್ಲಿ ಟ್ರೇಲರ್ ಜೋಡಿಸುವಾಗ ಹೋದ ಬೆರಳಿಗೆ ಇದು ಯಾವುದೂ ಇಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಮರುದಿನ ಮತ್ತೆ ಅದೇ ಕೆಲಸ. ಹಾಗಾಗಿ ಈ ಪತ್ರದಲ್ಲಿ ಬೇರೆ ಮಾತು ಕಡಿಮೆ ಮಾಡಿ ಟ್ರೇಲರ್ ಜೋಡಿಸುವ ಮತ್ತು ಬಿಡಿಸುವ ಆ ಐದು ನಿಮಿಷದ ಬಗ್ಗೆಯೇ ಬರೆಯುತ್ತೇನೆ.

ಕಬ್ಬಿನಲ್ಲಿ ಈ ಐದು ನಿಮಿಷ ಮತ್ತೆ ಮತ್ತೆ ಬರುತ್ತದೆ. ಇಟ್ಟಿಗೆ ಭಟ್ಟಿಯ ಗಾಡಿಗೆ ಒಂದೇ ಟ್ರೇಲರ್, ಬೆಳಿಗ್ಗೆ ಹಾಕಿದರೆ ಸಂಜೆ ಬಿಚ್ಚುತ್ತಾರೆ. ನಿಮ್ಮದು ಡಬಲ್ ಟ್ರೇಲರ್. ನಮ್ಮ ತಾಲ್ಲೂಕಿನಲ್ಲಿ ಮಳೆ ಜಾಸ್ತಿ, ನವೆಂಬರ್‌ನಲ್ಲೂ ಎರೆ ಹೊಲದ ಒಳಗೆ ನೆಲ ಮೆತ್ತಗೇ ಇರುತ್ತದೆ. ತುಂಬಿದ ಎರಡು ಟ್ರೇಲರ್ ಒಟ್ಟಿಗೆ ಎಳೆದರೆ ದೊಡ್ಡ ಗಾಲಿ ಹೂತು ಹೋಗುತ್ತದೆ. ಅದಕ್ಕೆ ಒಂದೊಂದಾಗಿ ಎಳೆದು ತಂದು ದಾರಿಯ ಅಂಚಿಗೆ ನಿಲ್ಲಿಸಿ, ಅಲ್ಲಿ ಜೋಡಿಸುತ್ತೀರಿ. ಮುಂದೆ ಏರು ಬಂದರೆ ಮತ್ತೆ ಬಿಚ್ಚಿ, ಒಂದನ್ನು ಮೇಲೆ ಮುಟ್ಟಿಸಿ, ವಾಪಸ್ ಬಂದು ಇನ್ನೊಂದನ್ನು ಒಯ್ಯುತ್ತೀರಿ. ಕಾರ್ಖಾನೆಯ ಯಾರ್ಡಿನಲ್ಲಿ ಖಾಲಿ ಮಾಡುವಾಗ ಮತ್ತೊಮ್ಮೆ ಬಿಚ್ಚುವುದು, ಕೂಡಿಸುವುದು. ಒಂದು ಖೇಪಿಗೆ ಎಷ್ಟು ಸಲ ಒಬ್ಬ ಹುಡುಗ ಎರಡು ಕಬ್ಬಿಣದ ನಡುವೆ ನಿಲ್ಲುತ್ತಾನೆ ಎಂದು ನೀವೇ ಎಣಿಸಿ ನೋಡಿ.

ಎರಡನೇ ಟ್ರೇಲರ್ ಜೋಡಿಸುವುದೇ ಎಲ್ಲಕ್ಕಿಂತ ಅಪಾಯದ ಕೆಲಸ. ಮೊದಲನೆಯದನ್ನು ಜೋಡಿಸುವಾಗ ಚಾಲಕ ಸೀಟಿನಲ್ಲಿ ತಿರುಗಿ ಕೂತರೆ ಹುಕ್ಕು ಕಾಣುತ್ತದೆ, ಹುಡುಗನ ಮುಖ ಕಾಣುತ್ತದೆ. ಎರಡನೆಯದಕ್ಕೆ ಹೋಗುವಾಗ ಹಿಂದೆ ಕಬ್ಬಿನ ಗೋಡೆ ಇರುತ್ತದೆ, ಟ್ರೇಲರ್‌ನ ಅಗಲಕ್ಕಿಂತ ಹೊರಗೆ ಚಾಚಿಕೊಂಡು. ಕನ್ನಡಿಯಲ್ಲಿ ಬರೀ ಸೋಗೆ. ಚಾಲಕನಿಗೆ ಹಿಂದೆ ಏನೂ ಕಾಣುವುದಿಲ್ಲ, ಇಂಜಿನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಹಿಂದೆ ನಿಂತ ಹುಡುಗ ಒಂದು ಕೈಯಲ್ಲಿ ಮೂಕಿ ಎತ್ತಿ, ಇನ್ನೊಂದು ಕೈಯಲ್ಲಿ ಪಿನ್ನು ಹಿಡಿದು, “ಇನ್ನ ಜರಾ ಹಿಂದ ಬಾ, ಇನ್ನ ಜರಾ...” ಎಂದು ಕೂಗುತ್ತಿರುತ್ತಾನೆ. ಕಬ್ಬು ಕಡಿಯುವ ಗ್ಯಾಂಗಿನವರು ಪಕ್ಕದಿಂದ ಮರಾಠಿಯಲ್ಲಿ “ಥಾಂಬ್, ಥಾಂಬ್” ಎನ್ನುತ್ತಾರೆ. ಯಾರ ಮಾತು ಯಾರಿಗೆ? ಕ್ಲಚ್ಚಿನಿಂದ ಕಾಲು ಒಂದಿಂಚು ಜಾರಿದರೆ ಸಾಕು, ಎಂಟು-ಹತ್ತು ಟನ್ ಒಂದು ಅಡಿ ಹಿಂದೆ ಬರುತ್ತದೆ. ನಡುವೆ ಇದ್ದ ಎದೆಗೆ ಹೋಗಲು ಜಾಗ ಇರುವುದಿಲ್ಲ.

ನಾನು ನಿಮ್ಮನ್ನು ಕೇಳಿಕೊಳ್ಳುವುದು ಮುಖ್ಯವಾಗಿ ಒಂದೇ. ಗಾಲಿ ತಿರುಗುತ್ತಿರುವಾಗ ಆ ನಡುವಿನ ಜಾಗದಲ್ಲಿ ಮನುಷ್ಯ ಇರಬಾರದು. ಮನುಷ್ಯ ಒಳಗೆ ಹೋದಾಗ ಗಾಲಿ ತಿರುಗಬಾರದು. ಉಳಿದ ಎಲ್ಲ ಜಾಗ್ರತೆಯೂ ಇದರ ಹಿಂದೆಯೇ ಬರುತ್ತದೆ.

ಇದನ್ನು ಮಾಡುವ ಬಗೆ ಕಷ್ಟದ್ದಲ್ಲ. ಜೋಡಿಸುವ ಮೊದಲು, ನಿಂತಿರುವ ಟ್ರೇಲರ್‌ನ ಮೂಕಿಯನ್ನು ಜ್ಯಾಕ್ ಕೊಟ್ಟು ಹುಕ್ಕಿನ ಎತ್ತರಕ್ಕೆ ತಂದಿಟ್ಟುಕೊಳ್ಳಿ. ಕೈಯಿಂದ ಎತ್ತಿ ಹಿಡಿಯಬೇಕಾದ ಅವಸ್ಥೆ ಇರುವುದರಿಂದಲೇ ಹುಡುಗ ನಡುವೆ ನಿಲ್ಲುತ್ತಾನೆ. ಜ್ಯಾಕ್ ಇದ್ದರೆ ಅವನು ಅಲ್ಲಿ ನಿಲ್ಲುವ ಕಾರಣವೇ ಇಲ್ಲ. ಹಿಂದೆ ಬರುವಾಗ ಅವನು ಚಾಲಕನ ಬದಿಗೆ, ಚಾಚಿದ ಕಬ್ಬಿಗಿಂತ ಹೊರಗೆ, ಚಾಲಕನಿಗೆ ಕಾಣುವ ಹಾಗೆ ನಿಲ್ಲಲಿ. ಬಾಯಿ ಮಾತು ಬೇಡ, ಕೈ ಸನ್ನೆ ಸಾಕು. ಒಬ್ಬನೇ ಸನ್ನೆ ಮಾಡಲಿ, ಗ್ಯಾಂಗಿನವರೆಲ್ಲ ಕೂಗುವುದು ಬೇಡ. ಹುಡುಗ ಕಣ್ಣಿಗೆ ಕಾಣದೆ ಹೋದ ಆ ಕ್ಷಣವೇ ಚಾಲಕ ನಿಲ್ಲಿಸಬೇಕು, ಅವನು ಎಲ್ಲಿದ್ದಾನೆ ಎಂದು ಗೊತ್ತಾಗುವ ತನಕ ಒಂದು ಗೇಣೂ ಹಿಂದೆ ಬರಬಾರದು.

ರಿಂಗು ಹುಕ್ಕಿನ ಬಾಯೊಳಗೆ ಬಂತು ಅಂದಾಗ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಬಂದ್ ಮಾಡಿ. ಹೌದು, ಬಂದ್ ಮಾಡಿ. ಬ್ಯಾಟರಿ ವೀಕ್ ಇದೆ, ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂದು ಹಲವರು ಹೇಳುತ್ತೀರಿ. ಹಾಗಿದ್ದರೆ ಬ್ಯಾಟರಿ ಬದಲಿಸಬೇಕಾದ್ದು ಮಾಲೀಕರ ಕೆಲಸ, ಅದಕ್ಕೆ ಹುಡುಗನ ಕೈಯನ್ನು ಪಣಕ್ಕಿಡುವುದು ಯಾವ ನ್ಯಾಯ? ಚಾಲಕ ಕೀಲಿಕೈ ಕೈಯಲ್ಲಿ ಹಿಡಿದು ಕೆಳಗಿಳಿದ ಮೇಲೆ ಹುಡುಗ ಒಳಗೆ ಹೋಗಲಿ. ಪಿನ್ನಿನ ತೂತು ಒಂದರ ಮೇಲೊಂದು ಕೂಡದಿದ್ದರೆ ಬೆರಳು ಹಾಕಿ ನೋಡಬೇಡಿ. ತೂತಿನಲ್ಲಿ ಹಾಕಿದ ಬೆರಳು ಕತ್ತರಿಯ ಬಾಯಲ್ಲಿ ಹಾಕಿದ್ದಕ್ಕೆ ಸಮ. ಸಣ್ಣ ಹಾರೆಯಿಂದ ಪಕ್ಕಕ್ಕೆ ನಿಂತು ಮೂಕಿಯನ್ನು ಸರಿಸಿ. ಅದಕ್ಕೂ ಬಗ್ಗದಿದ್ದರೆ ಹುಡುಗ ಹೊರಗೆ ಬರಲಿ, ಚಾಲಕ ಹತ್ತಲಿ, ಮತ್ತೊಮ್ಮೆ ಹಿಂದೆ ಮುಂದೆ ಮಾಡಲಿ.

ಪಿನ್ನು ಇಳಿಸಿದ ಮೇಲೆ ಅದರ ಕೆಳಗಿನ ತೂತಿಗೆ ಕ್ಲಿಪ್ಪು. ನಂತರ ಸರಪಳಿ, ಎರಡು ಬದಿಯಿಂದ ಎರಡು, ಮೂಕಿಯ ಕೆಳಗೆ ಒಂದನ್ನೊಂದು ಅಡ್ಡ ಹಾಯ್ದ ಹಾಗೆ. ಪಿನ್ನು ಮುರಿದರೂ ಮೂಕಿ ನೆಲಕ್ಕೆ ಬೀಳದೆ ಆ ಅಡ್ಡ ಸರಪಳಿಯ ಮೇಲೆ ಕೂರುತ್ತದೆ. ತಿರುವಿನಲ್ಲಿ ಜಗ್ಗದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜುವಷ್ಟು ಬೇಡ. ಆಮೇಲೆ ಹಿಂದಿನ ಲೈಟಿನ ವೈರು. ಗಾಲಿಯ ಕಲ್ಲು ತೆಗೆಯುವ ಮೊದಲೇ ಟ್ರ್ಯಾಕ್ಟರನ್ನು ಲೋ ಗೇರಿನಲ್ಲಿ ಒಂದಿಷ್ಟು ಮುಂದಕ್ಕೆ ಜಗ್ಗಿ ನೋಡಿ, ಜೋಡಣೆ ಹಿಡಿಯಿತೋ ಇಲ್ಲವೋ ತಿಳಿಯುತ್ತದೆ. ಹಿಡಿದಿದ್ದರೆ ಇಂಜಿನ್ ಬಂದ್ ಮಾಡಿ ಕಲ್ಲು ತೆಗೆಯಿರಿ.

ಕಲ್ಲಿನ ಮಾತು ಬಂತು. ಜೋಡಿಸುವಾಗ ಕಲ್ಲು ಎಲ್ಲದಕ್ಕೂ ಕೊನೆಗೆ ತೆಗೆಯುವುದು, ಬಿಡಿಸುವಾಗ ಎಲ್ಲದಕ್ಕೂ ಮೊದಲು ಕೊಡುವುದು. ನಮ್ಮ ಹಿರಿಯರು ಚಕ್ಕಡಿಯಿಂದ ಎತ್ತು ಬಿಚ್ಚುವ ಮೊದಲು ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಆಸರೆಯ ಕೋಲು ನಿಲ್ಲಿಸಿ, ಆಮೇಲೆ ನೊಗಕ್ಕೆ ಕೈ ಹಾಕುತ್ತಿದ್ದರು. ಚಕ್ಕಡಿಯ ಹತ್ತು ಪಟ್ಟು ಭಾರದ ಗಾಡಿಗೆ ನಾವು ಅದನ್ನು ಬಿಟ್ಟಿದ್ದೇವೆ. ಲೆಕ್ಕ ನೋಡಿ: ನೂರು ಅಡಿಗೆ ಐದು ಅಡಿ ಇಳಿಯುವ ರಸ್ತೆ ಕಣ್ಣಿಗೆ ಸಪಾಟಾಗಿಯೇ ಕಾಣುತ್ತದೆ. ಅಲ್ಲಿ ಹತ್ತು ಟನ್ನಿನ ಟ್ರೇಲರ್ ಸುಮಾರು ಅರ್ಧ ಟನ್ ಬಲದಿಂದ ಕೆಳಕ್ಕೆ ಜಗ್ಗುತ್ತಿರುತ್ತದೆ. ನಮ್ಮ ಹೆಚ್ಚಿನ ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕ್ ಇಲ್ಲ. ಪಿನ್ನು ತೆಗೆದ ಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಆ ಕಲ್ಲು ಮಾತ್ರ. ಎರಡೂ ಗಾಲಿಗೆ, ಹಿಂದೆಯೂ ಮುಂದೆಯೂ ಕೊಡಬೇಕು. ಉರುಟು ಕಲ್ಲು ಉರುಳುತ್ತದೆ, ಸಣ್ಣ ಕಲ್ಲನ್ನು ಗಾಲಿ ಹತ್ತಿ ದಾಟುತ್ತದೆ. ಒಳ್ಳೆಯ ಕಟ್ಟಿಗೆಯ ಓರೆ ತುಂಡುಗಳನ್ನು ಮಾಡಿಸಿ, ಹಗ್ಗ ಕಟ್ಟಿ ಟ್ರೇಲರ್‌ಗೇ ತೂಗುಹಾಕಿಕೊಳ್ಳಿ. ಹಗ್ಗ ಕಟ್ಟುವುದರಿಂದ ಇನ್ನೊಂದು ಉಪಕಾರ ಇದೆ. ಹಗ್ಗವಿಲ್ಲದೆ ಕೊಟ್ಟ ಕಲ್ಲು ನೀವು ಹೋದ ಮೇಲೂ ಡಾಂಬರಿನ ನಡುವೆ ಬಿದ್ದಿರುತ್ತದೆ, ರಾತ್ರಿ ಬರುವ ಬೈಕಿನವನ ಮುಂದಿನ ಗಾಲಿಗೆ ಅದೇ ಸಿಗುತ್ತದೆ.

ಬಿಡಿಸುವಾಗ ಸಪಾಟು, ಗಟ್ಟಿ ನೆಲ ಹುಡುಕಿ. ಎರಡು ಗಾಲಿಯ ಟ್ರೇಲರ್ ಸ್ವಂತ ಬಲದಲ್ಲಿ ನಿಲ್ಲುವುದಿಲ್ಲ, ಮುಂದೆ ಭಾರ ಇದ್ದರೆ ಮೂಕಿ ಕೆಳಗೆ ಬೀಳುತ್ತದೆ, ಹಿಂದೆ ಭಾರ ಇದ್ದರೆ ಮೇಲಕ್ಕೆ ಹಾರುತ್ತದೆ. ಕೆಳಗೆ ಬೀಳುವುದು ಎಲ್ಲರಿಗೂ ಗೊತ್ತು, ಪಾದ ಹಿಂದಿಟ್ಟುಕೊಂಡೇ ಕೆಲಸ ಮಾಡುತ್ತೀರಿ. ಮೇಲೆ ಹಾರುವುದನ್ನು ಯಾರೂ ಎಣಿಸುವುದಿಲ್ಲ. ಕಬ್ಬನ್ನು ಹಿಂದಕ್ಕೆ ಹೆಚ್ಚು ಹೇರಿದ್ದರೆ, ಅಥವಾ ಮುಂದಿನ ಕಬ್ಬು ಇಳಿಸಿ ಹಿಂದಿನದು ಉಳಿದಿದ್ದರೆ, ಪಿನ್ನು ಹೊರಗೆ ಬಂದ ಆ ಗಳಿಗೆಯಲ್ಲೇ ಮೂಕಿ ಗದ್ದಕ್ಕೋ ಎದೆಗೋ ಬಡಿಯುತ್ತದೆ. ಹಾಗಾಗಿ ಪಿನ್ನು ಬಿಗಿಯಾಗಿ ಕೂತಿದ್ದರೆ ಅದನ್ನು ಒಂದು ಸುದ್ದಿ ಎಂದು ತಿಳಿಯಿರಿ. ಎಲ್ಲೋ ಭಾರ ಜಗ್ಗುತ್ತಿದೆ ಎಂದರ್ಥ. ಮೂಕಿಯ ಮೇಲೆ ಬಗ್ಗಿ ಸುತ್ತಿಗೆಯಿಂದ ಹೊಡೆಯಬೇಡಿ. ಸ್ಟ್ಯಾಂಡಿನ ಕೆಳಗೆ ಹಲಗೆ ಕೊಟ್ಟು, ಭಾರ ಸ್ಟ್ಯಾಂಡಿಗೆ ಬಂತೋ ನೋಡಿ, ಜ್ಯಾಕನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ. ಭಾರ ಸಮ ಆದಾಗ ಪಿನ್ನು ಎರಡು ಬೆರಳಿಗೆ ಎದ್ದು ಬರುತ್ತದೆ.

ಇನ್ನು ಪಿನ್ನು. ಇದು ನನ್ನ ಕಸುಬು, ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆ ಇರಲಿ. ಹಂಗಾಮಿನ ನಡುವೆ ಬಂದ ಒಂದು ಟ್ರೇಲರ್‌ನ ರಿಂಗು ಈಗಲೂ ನನ್ನ ಅಂಗಡಿಯ ಗೋಡೆಗೆ ನೇತುಹಾಕಿದೆ. ಮಾಡಿಸಿದಾಗ ಅದರ ತೂತು ಗುಂಡಗಿತ್ತು, ಈಗ ಮೊಟ್ಟೆಯ ಆಕಾರ. ಮುಂದಿನ ಬದಿ ಎಳೆದು ಎಳೆದು ಹೆಬ್ಬೆರಳಿನ ದಪ್ಪ ಇದ್ದದ್ದು ಕಿರುಬೆರಳಿನಷ್ಟಾಗಿದೆ. ಒಳಗಿನ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಆ ಹೊಳಪಿನ ನಡುವೆ ಕೂದಲಿನಂಥ ಒಂದು ಕಪ್ಪು ಗೆರೆ. ಅದು ಬಿರುಕು. ಅದರ ಜೊತೆಗಿದ್ದ ಪಿನ್ನು ಪಿನ್ನೇ ಆಗಿರಲಿಲ್ಲ, ಮನೆ ಕಟ್ಟುವ ಸರಳಿನ ತುಂಡು, ಮೇಲೆ ಬಾಗಿಸಿ ಹಿಡಿಕೆ ಮಾಡಿದ್ದು, ಕೆಳಗೆ ಕ್ಲಿಪ್ಪಿನ ಬದಲು ಪ್ಲಾಸ್ಟಿಕ್ ಹಗ್ಗ. ಆ ಗಾಡಿ ಅದೇ ಸ್ಥಿತಿಯಲ್ಲಿ ಖಾನಾಪುರದ ಮಲಪ್ರಭಾ ಸೇತುವೆ ದಾಟಿ ಬಂದಿತ್ತು.

30 ಎಂಎಂ ಪಿನ್ನು ಸವೆದು 26ಕ್ಕೆ ಇಳಿದರೆ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ತುಂಡಾಗದೆ ತಡೆಯುವ ಅದರ ಶಕ್ತಿ ಕಾಲು ಭಾಗ ಹೋಗಿರುತ್ತದೆ, ಬಾಗದೆ ನಿಲ್ಲುವ ಶಕ್ತಿ ಮೂರರಲ್ಲಿ ಒಂದು ಭಾಗ ಹೋಗಿರುತ್ತದೆ. ಪಿನ್ನು ಸಡಿಲಾದಷ್ಟೂ ಪ್ರತಿ ಗುಂಡಿಯಲ್ಲಿ ಅದರ ಮೇಲೆ ಬೀಳುವ ಪೆಟ್ಟು ಜೋರಾಗುತ್ತದೆ, ಪೆಟ್ಟು ಬಿದ್ದಷ್ಟೂ ಮತ್ತೆ ಸಡಿಲಾಗುತ್ತದೆ. ಕ್ಲಿಪ್ಪಿಲ್ಲದ ಪಿನ್ನು ಕುಣಿದು ಕುಣಿದು ಮೇಲೆ ಬಂದು ಹಾರಿಹೋಗುವುದು ಹೀಗೆಯೇ. ಸವೆದ ಪಿನ್ನಿಗೆ “ಮ್ಯಾಲ ಒಂದ ಲೇಯರ್ ವೆಲ್ಡಿಂಗ್ ಹೊಡ್ದ ಕೊಡ್ರಿ” ಎಂದು ಕೇಳುತ್ತೀರಿ. ನಾನು ಹೊಡೆದು ಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಗಟ್ಟಿ ಉಕ್ಕಿನ ಪಿನ್ನಿಗೆ ಬೆಂಕಿ ಕೊಟ್ಟರೆ ವೆಲ್ಡಿಂಗಿನ ಪಕ್ಕದ ಜಾಗ ಗಾಜಿನ ಗುಣಕ್ಕೆ ಬರುತ್ತದೆ. ಬಾಗುವ ಸೂಚನೆಯನ್ನೂ ಕೊಡದೆ ಒಂದೇ ಏಟಿಗೆ ಮುರಿಯುತ್ತದೆ. ಉದ್ಯಮಬಾಗದ ಲೇತ್ ಅಂಗಡಿಗಳಲ್ಲಿ ಸರಿಯಾದ ಉಕ್ಕಿನಿಂದ, ತಲೆ ಇರುವ, ಕೆಳಗೆ ಕ್ಲಿಪ್ಪಿನ ತೂತು ಇರುವ ಪಿನ್ನು ಮಾಡಿಕೊಡುತ್ತಾರೆ. ಮೋಟಾರು, ಪಂಪು, ಹೈಡ್ರಾಲಿಕ್ ಸಿಲಿಂಡರ್ ಮಾಡುವ ಊರು ಬೆಳಗಾವಿ. ಇಲ್ಲಿಯ ಕಬ್ಬಿನ ಗಾಡಿಗೆ ಸರಳಿನ ತುಂಡು ಹಾಕುವ ಬಡತನ ನಮಗೆ ಬಂದಿಲ್ಲ.

ಹುಕ್ಕಿನ ಎತ್ತರದ ಬಗ್ಗೆಯೂ ಒಂದು ಮಾತು. ಕಂಪನಿ ಕೊಟ್ಟ ಹುಕ್ಕು ಹಿಂದಿನ ಅಚ್ಚಿಗಿಂತ ಕೆಳಗೆ ಇರುತ್ತದೆ, ಅದಕ್ಕೆ ಕಾರಣ ಇದೆ. ಕೆಲವರು ಟ್ರೇಲರ್ ಎತ್ತರ ಇದೆ ಎಂದು ಹುಕ್ಕನ್ನು ಮೇಲಕ್ಕೆ ಏರಿಸಿ ಕೂರಿಸಿಕೊಡಿ ಎನ್ನುತ್ತಾರೆ. ಅಚ್ಚಿಗಿಂತ ಮೇಲಿಂದ ಭಾರ ಎಳೆದರೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಏಳುತ್ತದೆ, ಏರಿನಲ್ಲಿ ಒಮ್ಮೆಲೇ ಕ್ಲಚ್ ಬಿಟ್ಟರೆ ಪೂರಾ ಹಿಂದಕ್ಕೆ ಮಗುಚುತ್ತದೆ. ಎರಡು ಸೆಕೆಂಡಿನಲ್ಲಿ ಮುಗಿಯುವ ಕೆಲಸ ಅದು, ಜಿಗಿಯಲು ಹೊತ್ತು ಸಿಗುವುದಿಲ್ಲ. ಮುಂದಿನ ಗಾಲಿ ಏಳುತ್ತದೆ ಎಂದು ಬಾನೆಟ್ ಮೇಲೆ ಇಬ್ಬರನ್ನು ಕೂರಿಸುವುದನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಮೂಕಿಯ ಮೇಲೆ ಕುಳಿತು ಹೋಗುವುದೂ ಬೇಡ. ಗ್ಯಾಂಗಿನ ಹೆಣ್ಣುಮಕ್ಕಳು, ಸಣ್ಣ ಹುಡುಗರು ಸಂಜೆ ಗುಡಿಸಲಿಗೆ ಮರಳುವಾಗ ಅಲ್ಲಿ ಹತ್ತಿ ಕೂರುತ್ತಾರೆ. ಅಲ್ಲಿಂದ ಜಾರಿದವರು ಬೀಳುವುದು ಟ್ರೇಲರ್ ಗಾಲಿಯ ಎದುರಿಗೇ.

ರಸ್ತೆಗೆ ಏರುವ ಮೊದಲು ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಪಟ್ಟಿ ಹಾಕಿದ್ದೀರೋ ನೋಡಿಕೊಳ್ಳಿ. ಹೊಲದಲ್ಲಿ ಗಿರಕಿ ತಿರುಗಲು ಬಿಚ್ಚಿದ್ದು ಹಾಗೇ ಉಳಿದರೆ ಒಂದೇ ಗಾಲಿಗೆ ಬ್ರೇಕ್ ಹಿಡಿಯುತ್ತದೆ, ಹಿಂದಿನ ಇಪ್ಪತ್ತು ಟನ್ ಮುಂದೆ ತಳ್ಳಿ ಟ್ರ್ಯಾಕ್ಟರನ್ನು ಅಡ್ಡ ಮಲಗಿಸುತ್ತದೆ.

ಏರಿನ ಬುಡದಲ್ಲಿ ಬಿಟ್ಟುಹೋಗುವ ಟ್ರೇಲರ್ ಬಗ್ಗೆ ಹೇಳದೆ ಪತ್ರ ಮುಗಿಸಲಾರೆ. ನೀವು ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತೀರಿ, ನಿಜ. ಆದರೆ ಬೆಳಗಾವಿ–ಖಾನಾಪುರ ರಸ್ತೆ ಲೋಂಡಾ, ಅನಮೋಡ ಘಾಟಿನ ಮೂಲಕ ಗೋವಾಕ್ಕೆ ಹೋಗುವ ಹೆದ್ದಾರಿ. ಆ ಅರ್ಧ ಗಂಟೆಯಲ್ಲಿ ಅಲ್ಲಿ ಎಷ್ಟೋ ಗಾಡಿ ಹಾಯುತ್ತವೆ. ಕತ್ತಲೆಯಲ್ಲಿ ಒಣ ಸೋಗೆಯ ಬಣ್ಣ ಕತ್ತಲೆಯದೇ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಬೈಕಿನವನಿಗೆ ಆ ಟ್ರೇಲರ್ ಕಾಣುವುದು ಅದಕ್ಕೆ ಬಡಿಯುವ ಮುನ್ನ ಹತ್ತು ಅಡಿಯಲ್ಲಿ. ಹಿಂದೆ ಅಂಟಿಸಿದ ರೇಡಿಯಂ ಪಟ್ಟಿಯನ್ನು ಜೋತುಬಿದ್ದ ಕಬ್ಬು ಮುಚ್ಚಿರುತ್ತದೆ. ಗಿಡದ ಟೊಂಗೆ ಮುರಿದು ಇಡುತ್ತೀರಿ, ಟೊಂಗೆಗೆ ಹೊಳಪಿಲ್ಲ. ಡಾಂಬರಿನಿಂದ ಪೂರಾ ಕೆಳಗೆ ಇಳಿಸಿ ನಿಲ್ಲಿಸಿ, ಹಿಂದಿನ ಕಬ್ಬನ್ನು ಸವರಿ ಪಟ್ಟಿ ಕಾಣುವಂತೆ ಮಾಡಿ, ಬ್ಯಾಟರಿಯ ಕೆಂಪು ಮಿಣುಕು ದೀಪ ಒಂದನ್ನು ಹಿಂದೆ ಸಿಕ್ಕಿಸಿ, ಸಾಧ್ಯವಾದರೆ ಹುಡುಗನೊಬ್ಬ ಟ್ರೇಲರ್‌ನಿಂದ ದೂರ ಬದಿಯಲ್ಲಿ ಟಾರ್ಚ್ ಹಿಡಿದು ನಿಲ್ಲಲಿ. ಮೋಟಾರು ವಾಹನ ಕಾಯ್ದೆ 1988ರ 122ನೇ ಕಲಂ ವಾಹನವನ್ನಾಗಲಿ ಟ್ರೇಲರನ್ನಾಗಲಿ ಇತರರಿಗೆ ಅಪಾಯ ಆಗುವ ಜಾಗದಲ್ಲಿ ಬಿಟ್ಟುಹೋಗುವುದನ್ನು ನಿಷೇಧಿಸಿದೆ. ಕೇಸು ಬೀಳುವುದು ನಿಮ್ಮ ಹೆಸರಿಗೆ, ಮಾಲೀಕನ ಹೆಸರಿಗಲ್ಲ ಎಂಬುದನ್ನೂ ನೆನಪಿಡಿ.

ಎಲ್ಲ ಹೊರೆಯನ್ನೂ ನಿಮ್ಮ ತಲೆಯ ಮೇಲೆ ಹೇರುವುದು ನ್ಯಾಯವಲ್ಲ, ಅದೂ ನನಗೆ ಗೊತ್ತು. ಯಾರ್ಡಿನಲ್ಲಿ ಪಾಳಿ ಕಾದು ಕಾದು ರಾತ್ರಿಯೆಲ್ಲ ಸ್ಟೀಯರಿಂಗ್ ಮೇಲೆ ತಲೆ ಇಟ್ಟು ಮಲಗಿದವ ಬೆಳಗಿನ ಜಾವ ಸರಿಯಾಗಿ ಸನ್ನೆ ನೋಡುತ್ತಾನೆಯೇ? ಖೇಪಿನ ಲೆಕ್ಕದಲ್ಲಿ ದುಡ್ಡು ಸಿಗುವವನಿಗೆ ಇಂಜಿನ್ ಬಂದ್ ಮಾಡಿ ಕೆಳಗಿಳಿ ಅಂದರೆ ಅದು ಅವನ ಸಂಪಾದನೆಯ ಹೊತ್ತು. ಆದ್ದರಿಂದ ಮಾಲೀಕರಿಗೆ ನನ್ನ ವಿನಂತಿ: ಎರಡು ಜ್ಯಾಕ್ ಸ್ಟ್ಯಾಂಡ್, ಎಂಟು ಓರೆ ತುಂಡು, ಎರಡು ಒಳ್ಳೆಯ ಪಿನ್ನು, ನಾಲ್ಕು ಸರಪಳಿ. ಇದರ ಖರ್ಚು ಟ್ರ್ಯಾಕ್ಟರ್‌ನ ಒಂದು ದೊಡ್ಡ ಟೈರಿನ ಬೆಲೆಗಿಂತ ಕಡಿಮೆ. ಲೋಡನ್ನೂ ಅಳತೆಯಲ್ಲಿಡಿ. 2019ರ ತಿದ್ದುಪಡಿಯ ನಂತರ ಹೆಚ್ಚು ಭಾರ ಹೇರಿದರೆ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಕಾರ್ಖಾನೆಯವರಿಗೆ: ಯಾರ್ಡಿನ ಒಂದು ಮೂಲೆಯಲ್ಲಿ ಸಪಾಟಾದ ಕಾಂಕ್ರೀಟ್ ನೆಲ ಮಾಡಿ, ದೊಡ್ಡ ದೀಪ ಹಾಕಿ, ಟ್ರೇಲರ್ ಬಿಚ್ಚುವುದು ಕೂಡಿಸುವುದು ಅಲ್ಲೇ ಆಗಬೇಕೆಂದು ಕಟ್ಟು ಮಾಡಿ. ಗೇಟಿನಲ್ಲಿ ಚೀಟಿ ಕೊಡುವಾಗ ಪಿನ್ನು, ಕ್ಲಿಪ್ಪು ನೋಡಲು ಒಬ್ಬನನ್ನು ನಿಲ್ಲಿಸಿ. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಸಕ್ಕರೆ ತಂತ್ರಜ್ಞಾನ ಕಲಿಸುವ ಆ ಸಂಸ್ಥೆ ಹಂಗಾಮು ಶುರುವಾಗುವ ಮುನ್ನ ಚಾಲಕರಿಗೂ ಕ್ಲೀನರ್‌ಗಳಿಗೂ ಅರ್ಧ ದಿನದ ತರಬೇತಿ, ಕನ್ನಡ ಮರಾಠಿ ಎರಡರಲ್ಲೂ, ಇಟ್ಟರೆ ದೊಡ್ಡ ಉಪಕಾರ.

ಕ್ಲೀನರ್ ತಮ್ಮಂದಿರೇ, ನಿಮಗೆ ಬೇರೆಯಾಗಿ ಹೇಳುತ್ತೇನೆ. ಚಾಲಕ ವಯಸ್ಸಿನಲ್ಲಿ ಹಿರಿಯ, ಅವನ ಮಾತು ಮೀರಬಾರದು ಅನಿಸುವುದು ಸಹಜ. ಆದರೂ ಇಂಜಿನ್ ಚಾಲೂ ಇರುವಾಗ ಒಳಗೆ ಹೋಗು ಅಂದರೆ “ಅಣ್ಣಾ, ಮೊದಲ ಬಂದ್ ಮಾಡ್ರಿ” ಅನ್ನಿ. ಚಾಲಕ ಅಣ್ಣಂದಿರೇ, ಹುಡುಗ ಹಾಗೆ ಅಂದಾಗ ಬೈಯಬೇಡಿ.

ಹಂಗಾಮು ಶುರುವಾಗುವ ತನಕ ಪ್ರತಿ ಭಾನುವಾರ ಮಧ್ಯಾಹ್ನದವರೆಗೆ ನನ್ನ ಅಂಗಡಿ ತೆರೆದಿರುತ್ತದೆ. ಪಿನ್ನು ಬಿಚ್ಚಿಕೊಂಡು ಬನ್ನಿ, ಸಾಧ್ಯವಾದರೆ ಟ್ರೇಲರ್ ತಂದುಬಿಡಿ, ಖಾಲಿಯದು. ಪಿನ್ನು, ರಿಂಗು, ಹುಕ್ಕಿನ ತೂತು ಮೂರನ್ನೂ ಅಳತೆ ಹಿಡಿದು ನೋಡುತ್ತೇನೆ, ಬಿರುಕು ಇದ್ದರೆ ಸೀಮೆಎಣ್ಣೆ ಹಚ್ಚಿ ಸುಣ್ಣ ಬಳಿದು ತೋರಿಸುತ್ತೇನೆ. ಅದಕ್ಕೆ ದುಡ್ಡು ಬೇಡ. ಬದಲಿಸಬೇಕಾದ್ದನ್ನು ಬದಲಿಸಿದರೆ ಮಾತ್ರ ಸಾಮಾನಿನ ಬೆಲೆ ಕೊಡಿ. ಎರಡನೇ ಟ್ರೇಲರ್‌ನ ಪಿನ್ನನ್ನು ಮರೆಯದೆ ತನ್ನಿ, ಎಲ್ಲರೂ ಮೊದಲನೆಯದನ್ನಷ್ಟೇ ತರುತ್ತಾರೆ.

ನಿಮ್ಮವ,
ಬೆಳಗಾವಿ–ಖಾನಾಪುರ ರಸ್ತೆಯ ಒಬ್ಬ ವೆಲ್ಡಿಂಗ್ ಕೆಲಸಗಾರ